ಬಣ್ಣದ ಚಿಂತೆ ಮತ್ತು ಮೆಡಿಕಲ್ ಶಾಪಿನ ಮುಲಾಮು

ಮಾನ್ಯ ಸಂಪಾದಕರೇ,

ಮದುವೆಯ ಕಾಲ ಹತ್ತಿರವಾದಂತೆ ಚರ್ಮರೋಗ ವೈದ್ಯರ ಬಳಿ ಒಂದೇ ಬಗೆಯ ತೊಂದರೆ ಹೊತ್ತ ಯುವಕ–ಯುವತಿಯರು ಬರತೊಡಗುತ್ತಾರೆ. ಕೆನ್ನೆ ಕೆಂಡದಂತೆ ಕೆಂಪಾಗಿರುತ್ತದೆ. ಹತ್ತಿರದಿಂದ ನೋಡಿದರೆ ಸಣ್ಣ ರಕ್ತನಾಳಗಳು ಎಳೆ ಎಳೆಯಾಗಿ ಕಾಣುತ್ತವೆ. ಗಲ್ಲದ ಸುತ್ತ ಒಂದೇ ಅಳತೆಯ ಗುಳ್ಳೆಗಳು, ಕಿವಿಯ ಮುಂದೆ ಹೊಸದಾಗಿ ಹುಟ್ಟಿದ ನವಿರು ಕೂದಲು. ಬಿಸಿಲಿಗೆ ಹೋದರೆ ಉರಿ, ಒಲೆಯ ಮುಂದೆ ನಿಂತರೆ ಉರಿ. ಕೇಳಿದರೆ ಬ್ಯಾಗಿನಿಂದ ಒಂದು ಸಣ್ಣ ಟ್ಯೂಬ್ ಹೊರಬರುತ್ತದೆ. ‘ಬೆಳ್ಳಗಾಗಲಿ ಅಂತ ಶುರು ಮಾಡಿದ್ದು, ಈಗ ಬಿಟ್ಟರೆ ಮುಖ ಕೆಡುತ್ತೆ’ ಎನ್ನುತ್ತಾರೆ. ಈ ಟ್ಯೂಬ್ ಅವರ ಕೈಗೆ ಬರುವುದಕ್ಕೆ ಮೊದಲೇ ಮನೆಯಲ್ಲಿ, ಮದುವೆ ಮಾತುಕತೆಯಲ್ಲಿ, ಪತ್ರಿಕೆಯ ವಧು–ವರ ಅಂಕಣದಲ್ಲಿ ಅವರ ಬಣ್ಣದ ಲೆಕ್ಕಾಚಾರ ನಡೆದಿರುತ್ತದೆ. ಹಾಗಾಗಿ ಮುಲಾಮಿನ ಬಗ್ಗೆ ಓದುಗರಿಗೂ ಅಂಕಣದ ಬಗ್ಗೆ ನಿಮಗೂ ಕೆಲವು ಮಾತು ಬರೆಯುತ್ತಿದ್ದೇವೆ.

ಈ ಟ್ಯೂಬುಗಳಲ್ಲಿ ಹೆಚ್ಚಿನವು ಸೌಂದರ್ಯವರ್ಧಕಗಳಲ್ಲ, ಔಷಧಗಳು. ಅತಿ ಹೆಚ್ಚು ದುರ್ಬಳಕೆಯಾಗುವುದು ಮೂರು ಔಷಧ ಸೇರಿಸಿದ ಮಿಶ್ರಣ: ಹೈಡ್ರೋಕ್ವಿನೋನ್ ಶೇ 2, ಟ್ರೆಟಿನಾಯಿನ್ ಶೇ 0.025, ಜೊತೆಗೆ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಶೇ 0.1. ಇಂಥ ಮಿಶ್ರಣಗಳ ಸರಿಯಾದ ಬಳಕೆ ಬಂಗು ಎಂಬ ಕಲೆಗೆ, ಕಲೆ ಇರುವಷ್ಟೇ ಜಾಗಕ್ಕೆ, ರಾತ್ರಿ ಒಂದು ಸಲ, ವೈದ್ಯರ ಕಣ್ಣಳತೆಯಲ್ಲಿ ಕೆಲವೇ ವಾರ. ಅದನ್ನೇ ಇಡೀ ಮುಖಕ್ಕೆ ವರ್ಷಗಟ್ಟಲೆ ಫೇಸ್ ಕ್ರೀಮಿನಂತೆ ಹಚ್ಚುವವರಿದ್ದಾರೆ. ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸಾಲ್ ಇರುವ ಮುಲಾಮನ್ನು ಹಚ್ಚುವವರೂ ಇದ್ದಾರೆ. ಕ್ಲೋಬೆಟಾಸಾಲ್ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ಅತ್ಯಂತ ತೀಕ್ಷ್ಣವಾದದ್ದು. ಮುಖಕ್ಕೆ ಅದನ್ನು ಮುಟ್ಟಿಸಲೇಬಾರದು.

ಮೊದಮೊದಲು ಅದು ಕೆಲಸ ಮಾಡಿದಂತೆಯೇ ಕಾಣುತ್ತದೆ, ಜನ ಮೋಸ ಹೋಗುವುದು ಅಲ್ಲೇ. ಸ್ಟಿರಾಯ್ಡ್ ಹಚ್ಚಿದಾಗ ಚರ್ಮದ ರಕ್ತನಾಳಗಳು ಕುಗ್ಗಿ ಕೆಂಪು ಇಳಿಯುತ್ತದೆ, ಮೊಡವೆಯ ಊತ ತಗ್ಗುತ್ತದೆ, ಬಣ್ಣ ತಯಾರಿಸುವ ಜೀವಕೋಶಗಳು ಮಂದವಾಗುತ್ತವೆ. ಎರಡು ಮೂರು ವಾರಕ್ಕೆ ‘ಏನೇ ಹಚ್ತಿದ್ದೀಯಾ, ಮುಖ ಹೊಳೀತಿದೆ’ ಎಂದು ಗೆಳತಿಯರು ಕೇಳುತ್ತಾರೆ, ಟ್ಯೂಬಿನ ಫೋಟೊ ಹಾಸ್ಟೆಲಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಮುಖದ ಚರ್ಮ ತೆಳು. ಮುಂಗೈಗೆ ಹೋಲಿಸಿದರೆ ಹಣೆಯ ಚರ್ಮ ಸುಮಾರು 6 ಪಟ್ಟು, ದವಡೆಯ ಮೂಲೆಯ ಚರ್ಮ ಸುಮಾರು 13 ಪಟ್ಟು ಹೆಚ್ಚು ಸ್ಟಿರಾಯ್ಡ್ ಹೀರಿಕೊಳ್ಳುತ್ತದೆ. ಇಸುಬಿಗೆಂದು ತಿಂಗಳುಗಟ್ಟಲೆ ಹಚ್ಚಿದರೂ ಅಂಗೈ ತಡೆದುಕೊಳ್ಳುವ ಮದ್ದು ಮುಖವನ್ನು ಬಹಳ ಬೇಗ ಹಾಳು ಮಾಡುವುದು ಈ ಕಾರಣಕ್ಕೆ.

ಮುಂದೆ ಚರ್ಮ ತೆಳ್ಳಗಾಗುತ್ತದೆ, ಕುಗ್ಗಿದ್ದ ರಕ್ತನಾಳಗಳು ಹಿಗ್ಗಿ ಹಾಗೆಯೇ ನಿಲ್ಲುತ್ತವೆ, ಗುಳ್ಳೆ ಏಳುತ್ತವೆ, ಕೂದಲು ಬರುತ್ತದೆ. ಮುಖದಲ್ಲಿ ಹುಳುಕಡ್ಡಿ ಇದ್ದರೆ ಅದರ ಉಂಗುರದ ರೂಪವೇ ಅಳಿಸಿಹೋಗಿ, ಗುರುತು ಸಿಗದಂತೆ ಹರಡುತ್ತದೆ. ಕಣ್ಣಿನ ರೆಪ್ಪೆಯ ಹತ್ತಿರ ಬಹಳ ಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಹಚ್ಚಿದವರಲ್ಲಿ ಕೆಲವರಿಗೆ ಕೆನ್ನೆಯ ಮೇಲೆ ನೀಲಿಗಪ್ಪು ಚುಕ್ಕೆಗಳು ನೆಲೆಯೂರುತ್ತವೆ. ಅವನ್ನು ತೆಗೆಯುವುದು ಬಹಳ ಕಷ್ಟ. ಬೆಳ್ಳಗಾಗಲು ಹೊರಟ ಮುಖ ಮೊದಲಿಗಿಂತ ಕಪ್ಪಾಗುವುದು ಹೀಗೆ. ಈ ಸ್ಥಿತಿ ಎಷ್ಟು ಸಾಮಾನ್ಯವೆಂದರೆ ‘ಟಾಪಿಕಲ್ ಸ್ಟಿರಾಯ್ಡ್ ಡ್ಯಾಮೇಜ್ಡ್ ಫೇಸ್’ ಎಂಬ ಹೆಸರನ್ನೇ ಭಾರತದ ಚರ್ಮವೈದ್ಯರು 2008ರಲ್ಲಿ ಇದಕ್ಕೆ ಕೊಟ್ಟರು.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಟ್ಯೂಬನ್ನು ಹಿಂದೆ ತಿರುಗಿಸಿ ಓದುವುದು. ರಟ್ಟಿನ ಪೆಟ್ಟಿಗೆಯನ್ನು ಎಸೆಯಬೇಡಿ. ಟ್ಯೂಬಿನ ಮೇಲಿನ ಅಕ್ಷರ ಅಳಿಸಿಹೋಗಿರುತ್ತದೆ. ಒಳಗಿನ ಔಷಧದ ಹೆಸರು ‘ಸೋನ್’, ‘ಸಾಲ್’, ‘ಲೋನ್’, ‘ನೈಡ್’ ಎಂದು ಮುಗಿದರೆ ಅದು ಸ್ಟಿರಾಯ್ಡ್ ಇರಬಹುದೆಂದು ಸಂಶಯಪಡಿ: ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್, ಡೆಸೋನೈಡ್. ಪೊಟ್ಟಣದ ಮೇಲೆ ಕೆಂಪು ಗೆರೆಯೋ, ‘ಶೆಡ್ಯೂಲ್ ಎಚ್’ ಎಂಬ ಎಚ್ಚರಿಕೆಯೋ ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಹಚ್ಚುವ ಸ್ಟಿರಾಯ್ಡ್‌ಗಳ ಪೈಕಿ 14ನ್ನು ಈ ಪಟ್ಟಿಯ ಬಿಗಿಯೊಳಗೆ ತಂದಿತು. ನಿಯಮ ಬಂದ ಮೇಲೂ ‘ಅಣ್ಣ, ಮುಖಕ್ಕೆ ಒಂದು ಒಳ್ಳೆ ಕ್ರೀಮ್ ಕೊಡಿ’ ಎಂದು ಕೇಳಿದರೆ ಸಾಕು, ಚೀಟಿ ಕೇಳದೆ ಎತ್ತಿಕೊಡುವ ಅಂಗಡಿಗಳಿವೆ. ಔಷಧ ಮಾರುವವರು ಆ ಗಳಿಗೆಯಲ್ಲಿ ‘ಎಲ್ಲಿಗೆ ಹಚ್ಚಲು?’ ಎಂಬ ಒಂದೇ ಪ್ರಶ್ನೆ ಕೇಳಿದರೂ ಎಷ್ಟೋ ಮುಖಗಳು ಉಳಿಯುತ್ತವೆ. ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಅಂಗಡಿ ತಪಾಸಣೆಗೆ ಹೋದಾಗ ಆ್ಯಂಟಿಬಯಾಟಿಕ್ ಬಿಲ್ಲುಗಳ ಜೊತೆಗೆ ಈ ಮುಲಾಮುಗಳ ಬಿಲ್ಲನ್ನೂ ನೋಡಬೇಕು.

ಇನ್ನು ಹೆಸರು–ವಿಳಾಸವಿಲ್ಲದ ಡಬ್ಬಿಗಳು. ಬ್ಯೂಟಿ ಪಾರ್ಲರಿನಲ್ಲಿ, ಇನ್‌ಸ್ಟಾಗ್ರಾಂ ಪುಟಗಳಲ್ಲಿ, ಹೊರದೇಶದಿಂದ ತಂದದ್ದೆಂದು ಕೈಯಿಂದ ಕೈಗೆ ದಾಟುವ ಈ ಕ್ರೀಮುಗಳಲ್ಲಿ ಕೆಲವಕ್ಕೆ ಪಾದರಸ ಬೆರೆಸಿರುತ್ತಾರೆ. ಅದು ಮೂತ್ರಪಿಂಡವನ್ನು ಕೆಡಿಸಬಲ್ಲದು. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರ ನಡುವೆ ಒಂದೇ ಬಗೆಯ ಮೂತ್ರಪಿಂಡ ಕಾಯಿಲೆಯ 22 ಜನರನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗಿದ್ದದ್ದು ಸಾಮಾನ್ಯವಾಗಿ ವಿರಳವಾದ ಒಂದು ಉಪಬಗೆ. ಆ 15ರಲ್ಲಿ 13 ಮಂದಿ ಬಿಳಿಯಾಗಿಸುವ ಕ್ರೀಮ್ ಹಚ್ಚುತ್ತಿದ್ದರು. ಮೂತ್ರದಲ್ಲಿ ಆರದ ನೊರೆ, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಸಂಜೆ ಪಾದದ ಊತ – ಕ್ರೀಮ್ ಹಚ್ಚುವವರಲ್ಲಿ ಇವು ಕಂಡರೆ ಅದೇ ವಾರ ಮೂತ್ರ ಪರೀಕ್ಷೆ ಮಾಡಿಸಬೇಕು, ಡಬ್ಬಿಯನ್ನೂ ವೈದ್ಯರಿಗೆ ತೋರಿಸಬೇಕು. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಒಳಗಿರುವ ಪದಾರ್ಥಗಳ ಪಟ್ಟಿ – ಈ ಮೂರರಲ್ಲಿ ಒಂದಿಲ್ಲದಿದ್ದರೂ ಕೊಳ್ಳಬೇಡಿ. ‘ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ’ ಎಂದು ಬರೆದಿದ್ದರೆ ಒಳಗೆ ಪಾದರಸವಿರುವ ಸುಳಿವು ಅದು. ಗ್ಲುಟಾಥಯೋನ್ ಚುಚ್ಚುಮದ್ದಿನ ಬಗ್ಗೆಯೂ ಒಂದು ಮಾತು: ಚರ್ಮ ಬಿಳಿಯಾಗಿಸಲು ಅದನ್ನು ರಕ್ತನಾಳಕ್ಕೆ ಕೊಡುವುದಕ್ಕೆ ಮಾನ್ಯತೆಯಿಲ್ಲ. ‘ಹತ್ತು ಸಿಟ್ಟಿಂಗ್’ ಪ್ಯಾಕೇಜಿಗೆ ಸಾಲ ಮಾಡುವ ಮುಂಚೆ ಇದು ಗೊತ್ತಿರಲಿ.

ಈಗಾಗಲೇ ಹಚ್ಚುತ್ತಿರುವವರು ಏನು ಮಾಡಬೇಕು? ಈ ಪತ್ರ ಓದಿ ಗಾಬರಿಯಿಂದ ಇಂದೇ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿ ಸುಮ್ಮನಾಗಬೇಡಿ. ಕೆಲವೇ ದಿನ ಹಚ್ಚಿದ್ದರೆ ನಿಲ್ಲಿಸಬಹುದು. ತಿಂಗಳುಗಳಿಂದ ಹಚ್ಚಿದ್ದರೆ, ಬಿಟ್ಟ ಕೆಲವು ದಿನಗಳಿಂದ ಎರಡು ವಾರದೊಳಗೆ ಮುಖ ಕೆಂಪಾಗಿ, ಉರಿದು, ಸಿಪ್ಪೆ ಏಳುತ್ತದೆ, ಗುಳ್ಳೆಗಳು ಒಮ್ಮೆಲೇ ನುಗ್ಗುತ್ತವೆ. ‘ನನ್ನ ನಿಜವಾದ ಮುಖವೇ ಹೀಗೆ’ ಎಂದು ಹೆದರಿ ಮತ್ತೆ ಹಚ್ಚುತ್ತಾರೆ, ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ. ಚಟ ಬೇರೂರುವುದು ಈ ಹಂತದಲ್ಲಿ. ಆ ಕೆಂಪು ನಿಮ್ಮ ಮುಖದ್ದಲ್ಲ, ಮದ್ದು ಬಿಟ್ಟುದರ ಪ್ರತಿಕ್ರಿಯೆ. ಚರ್ಮರೋಗ ವೈದ್ಯರ ಬಳಿ ಹೋದರೆ ಮುಖದ ಸ್ಥಿತಿ ನೋಡಿ ಕಡಿಮೆ ಶಕ್ತಿಯ ಮುಲಾಮಿಗೆ ಇಳಿಸಿ, ದಿನ ಬಿಟ್ಟು ದಿನ ಮಾಡಿ ಬಿಡಿಸುತ್ತಾರೆ, ಅಥವಾ ಒಮ್ಮೆಲೇ ನಿಲ್ಲಿಸಿ ಉರಿ ತಗ್ಗಲು ಸ್ಟಿರಾಯ್ಡ್ ಅಲ್ಲದ ಮದ್ದು ಕೊಡುತ್ತಾರೆ. ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ: ಸೋಪಿನ ಬದಲು ನೊರೆ ಕಡಿಮೆ ಬರುವ ಸೌಮ್ಯ ಕ್ಲೆನ್ಸರ್, ಸುವಾಸನೆ ಇಲ್ಲದ ಮಾಯಿಶ್ಚರೈಸರ್ ದಿನಕ್ಕೆ ಎರಡು ಮೂರು ಸಲ, ಉರಿ ಎದ್ದಾಗ ತಣ್ಣೀರಿನಲ್ಲಿ ಹಿಂಡಿದ ಹತ್ತಿಬಟ್ಟೆ ಹತ್ತು ನಿಮಿಷ. ಸ್ಕ್ರಬ್, ಬ್ಲೀಚ್, ಫೇಶಿಯಲ್, ಆವಿ ಹಿಡಿಯುವುದು ಎಲ್ಲ ಬಂದ್. ಗುಣವಾಗಲು ತಿಂಗಳುಗಳೇ ಬೇಕು. ಆದ್ದರಿಂದ ಮದುವೆಯ ದಿನಾಂಕ ಗೊತ್ತಾದ ಮೇಲೆ ಓಡಿಬರುವುದಕ್ಕಿಂತ ಇವತ್ತೇ ಹೋಗುವುದು ಒಳ್ಳೆಯದು.

ಚರ್ಮದ ಬಣ್ಣಕ್ಕೆ ಒಂದು ಮಿತಿಯಿದೆ, ಅದನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಿಕೊಳ್ಳಬಹುದು. ಹಗಲು ಬೆಳಕಿನಲ್ಲಿ ತೋಳೆತ್ತಿ ಮೇಲ್ತೋಳಿನ ಒಳಭಾಗ ನೋಡಿ. ಬಿಸಿಲು ಕಾಣದ ಆ ಬಣ್ಣವೇ ಹುಟ್ಟಿನಿಂದ ಬಂದ ಬಣ್ಣ. ಬಿಸಿಲಿಗೆ ಕಂದಿದ ಮುಖ ಕಾಲಕ್ರಮದಲ್ಲಿ ಹೆಚ್ಚೆಂದರೆ ಅಲ್ಲಿಯವರೆಗೆ ಮರಳಬಹುದು. ಅದಕ್ಕಿಂತ ಬಿಳಿ ಮಾಡುತ್ತೇವೆನ್ನುವ ಯಾವ ಮದ್ದನ್ನೂ ನಂಬಬೇಡಿ. ಕಪ್ಪಗಿರುವವರಿಗೂ ಬೆಳ್ಳಗಿರುವವರಿಗೂ ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಆ ಕೋಶಗಳು ತಯಾರಿಸುವ ಮೆಲನಿನ್ ಕಣಗಳ ಗಾತ್ರ ಮತ್ತು ಅವು ಹರಡಿಕೊಳ್ಳುವ ರೀತಿ. ಅದು ಬಿಸಿಲಿನಿಂದ ಚರ್ಮ ಕಾಯುವ ಏರ್ಪಾಡು, ತೊಳೆದು ತೆಗೆಯಬೇಕಾದ ಕೊಳೆಯಲ್ಲ. ಬಿಸಿಲಿಗೆ ಕಂದುವುದನ್ನು ತಡೆಯಬೇಕೆಂದರೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಸಾಕು, ಆದರೆ ಅಳತೆ ಸರಿಯಿರಬೇಕು: ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎಳೆದ ಎರಡು ಗೆರೆಯಷ್ಟು ಮುಖ ಮತ್ತು ಕುತ್ತಿಗೆಗೆ, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ. ಕಡಲೆಕಾಳಿನಷ್ಟು ಹಚ್ಚಿ ‘ಇದು ಕೆಲಸ ಮಾಡಲ್ಲ’ ಎನ್ನುವವರೇ ಹೆಚ್ಚು. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಹಚ್ಚುವುದು ಬೇಡ. ನಿಂಬೆರಸ ಹಚ್ಚಿದ ಚರ್ಮ ಬಿಸಿಲಿಗೆ ಸುಟ್ಟು ಕಪ್ಪು ಪಟ್ಟೆಯಾಗಿ ಉಳಿಯುತ್ತದೆ.

ಕುತ್ತಿಗೆಯ ಹಿಂಭಾಗ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗಿದ್ದರೆ ಅದನ್ನು ತಾಯಂದಿರು ನಾರು ಹಾಕಿ ತಿಕ್ಕಿಸುವುದುಂಟು, ‘ಸರಿಯಾಗಿ ಸ್ನಾನ ಮಾಡಲ್ಲ’ ಎಂದು ಬೈಯುವುದೂ ಉಂಟು. ತಿಕ್ಕಿದಷ್ಟೂ ಅದು ಹೆಚ್ಚುತ್ತದೆ. ಬಹಳ ಸಲ ಅದು ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು. ಕಂಕುಳಲ್ಲೂ ಹಾಗೆಯೇ ಇದ್ದು, ತೂಕ ಏರಿದ್ದರೆ, ಹುಡುಗಿಯರಲ್ಲಿ ಮುಟ್ಟು ಏರುಪೇರಾಗಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆಯ ಬಗ್ಗೆ ವೈದ್ಯರನ್ನು ಕೇಳಿ. ಬೆರಳಿನ ಗೆಣ್ಣುಗಳು ಈಚೆಗೆ ಕಪ್ಪಾಗಿದ್ದರೆ ವಿಟಮಿನ್ ಬಿ12 ಕೊರತೆ ಇರಬಹುದು. ಇವುಗಳಿಗೆ ಮದ್ದಿದೆ, ಮದ್ದು ಸಿಕ್ಕರೆ ಬಣ್ಣವೂ ತಿಳಿಯಾಗುತ್ತದೆ. ಮಕ್ಕಳನ್ನು ನಾಚಿಸುವ ಬದಲು ಪರೀಕ್ಷೆಗೆ ಕರೆದೊಯ್ಯಬೇಕಾದ ಜಾಗ ಇದು.

ಚರ್ಮ ಚೆನ್ನಾಗಿಯೇ ಇದ್ದು ಮನಸ್ಸು ಮಾತ್ರ ಒಪ್ಪದ ಸ್ಥಿತಿಯೂ ಇದೆ. ಬೇರೆಯವರಿಗೆ ಕಾಣದ, ಅಥವಾ ಕಂಡೂ ಕಾಣದಷ್ಟಿರುವ ಒಂದು ದೋಷದ ಸುತ್ತಲೇ ದಿನ ಸುತ್ತುತ್ತದೆ: ಮೂಗು, ತಲೆಗೂದಲು, ಹಲ್ಲು, ಎದೆ, ಮೈಕಟ್ಟು. ಇದಕ್ಕೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎನ್ನುತ್ತಾರೆ. ಸುಮಾರು ನೂರರಲ್ಲಿ ಇಬ್ಬರಿಗೆ ಇದು ಇರುತ್ತದೆ. ಹೆಚ್ಚಾಗಿ ಹದಿವಯಸ್ಸಿನಲ್ಲೇ ಶುರುವಾಗುತ್ತದೆ. ಗಂಡು ಹೆಣ್ಣೆಂಬ ಭೇದ ಹೆಚ್ಚಿಲ್ಲ. ಗುರುತಿಸಲು ಒಂದು ಸರಳ ಅಳತೆ: ಆ ದೋಷದ ಯೋಚನೆ, ಕನ್ನಡಿ ನೋಡುವುದು, ಮುಚ್ಚಿಕೊಳ್ಳುವುದು, ‘ಚೆನ್ನಾಗಿದೆಯಾ?’ ಎಂದು ಮತ್ತೆ ಮತ್ತೆ ಕೇಳುವುದು ಎಲ್ಲ ಸೇರಿ ದಿನಕ್ಕೆ ಒಂದು ಗಂಟೆ ಮೀರುತ್ತದೆಯೇ? ಅದರಿಂದಾಗಿ ತರಗತಿ, ಇಂಟರ್‌ವ್ಯೂ, ನೆಂಟರ ಮದುವೆ ತಪ್ಪುತ್ತಿವೆಯೇ? ಹೌದಾದರೆ ಅದು ಸೊಕ್ಕೂ ಅಲ್ಲ, ಶೋಕಿಯೂ ಅಲ್ಲ, ಚಿಕಿತ್ಸೆಯಿರುವ ಕಾಯಿಲೆ. ಇಂಥವರು ಮೂಗಿನ ಶಸ್ತ್ರಚಿಕಿತ್ಸೆ, ಲೇಸರ್ ಮಾಡಿಸಿಕೊಂಡರೆ ಸಮಾಧಾನ ಸಿಗುವುದು ಅಪರೂಪ, ಚಿಂತೆ ಅದೇ ಜಾಗದಲ್ಲಿ ಉಳಿಯುತ್ತದೆ ಇಲ್ಲವೇ ಇನ್ನೊಂದು ಅಂಗಕ್ಕೆ ದಾಟುತ್ತದೆ. ಕಾಸ್ಮೆಟಿಕ್ ಕ್ಲಿನಿಕ್ಕುಗಳು ಹಣ ಕಟ್ಟಿಸಿಕೊಳ್ಳುವ ಮುಂಚೆ ಈ ಎರಡು ಪ್ರಶ್ನೆ ಕೇಳಲೇಬೇಕು.

ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ ಇದಕ್ಕೆ ಫಲ ಕೊಡುತ್ತದೆ, ಬೇಕಾದವರಿಗೆ ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಇದೆ. ಮಾತ್ರೆಯ ಪರಿಣಾಮ ಪೂರ್ತಿ ತಿಳಿಯಲು 12 ವಾರವಾದರೂ ಬೇಕು. ಎರಡೇ ವಾರಕ್ಕೆ ಬಿಟ್ಟುಬಿಡುವುದರಿಂದಲೇ ಬಹಳ ಜನರಿಗೆ ಉಪಯೋಗವಾಗುವುದಿಲ್ಲ. ಚಿಕಿತ್ಸೆಯಲ್ಲಿ ಕಲಿಸುವ ಒಂದು ಅಭ್ಯಾಸವನ್ನು ಬಣ್ಣದ ಚಿಂತೆ ಇರುವ ಯಾರಾದರೂ ಮಾಡಬಹುದು. ಕನ್ನಡಿಯಿಂದ ಒಂದು ತೋಳಿನಷ್ಟು ದೂರ ನಿಂತು, ತಲೆಯಿಂದ ಕಾಲಿನವರೆಗೆ ಇಡಿಯಾಗಿ ನೋಡಿ. ಕಂಡದ್ದನ್ನು ಬಾಯಿಬಿಟ್ಟು ಹೇಳಿ: ‘ಹುಬ್ಬು ದಟ್ಟವಾಗಿದೆ, ಕೆನ್ನೆಯ ಎಡಗಡೆ ಒಂದು ಮಚ್ಚೆ ಇದೆ, ಬಣ್ಣ ಕಂದು’. ‘ಅಸಹ್ಯ’, ‘ಚೆನ್ನಾಗಿಲ್ಲ’ ಎಂಬ ತೀರ್ಪಿನ ಮಾತು ಬಂದರೆ ಮತ್ತೆ ಮೊದಲಿನಿಂದ. ಮೂಗು ಕನ್ನಡಿಗೆ ತಾಗುವಷ್ಟು ಹತ್ತಿರ ಹೋಗಿ ರಂಧ್ರಗಳನ್ನು ಎಣಿಸುವ ಅಭ್ಯಾಸ ಬಿಡಿ. ಭೂತಗನ್ನಡಿಯನ್ನು ಮನೆಯಿಂದಲೇ ತೆಗೆದುಬಿಡಿ. ಹಲ್ಲುಜ್ಜುವಾಗ, ತಲೆ ಬಾಚುವಾಗ, ಹೊರಡುವ ಮುನ್ನ – ಕನ್ನಡಿಗೆ ಇಷ್ಟು ಹೊತ್ತು ಸಾಕು.

ಫೋನಿನ ಮುಂದಿನ ಕ್ಯಾಮೆರಾವನ್ನು ಕನ್ನಡಿಯೆಂದು ನಂಬಬೇಡಿ. ಸುಮಾರು 30 ಸೆಂಟಿಮೀಟರ್ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ, 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಶೇ 30ರಷ್ಟು ಹೆಚ್ಚಾಗಿ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಲೆನ್ಸಿಗೆ ಹತ್ತಿರವಿರುವ ಭಾಗ ಹಿಗ್ಗುವುದಷ್ಟೇ ಇದಕ್ಕೆ ಕಾರಣ. ಅದೇ ಫೋನಿನ ಬ್ಯೂಟಿ ಮೋಡ್ ಚರ್ಮವನ್ನು ನುಣುಪು ಮಾಡಿ, ಬಣ್ಣ ತಿಳಿಯಾಗಿಸಿ ತೋರಿಸುತ್ತದೆ. ದಿನವೂ ಅದನ್ನು ನೋಡಿ ಬಚ್ಚಲಿನ ಕನ್ನಡಿಯ ಮುಂದೆ ನಿಂತಾಗ ಸ್ವಂತ ಮುಖವೇ ಕಳಪೆ ಎನಿಸುತ್ತದೆ. ಕ್ಯಾಮೆರಾದ ಸೆಟ್ಟಿಂಗಿಗೆ ಹೋಗಿ ಅದನ್ನು ಸೊನ್ನೆಗೆ ಇಳಿಸಿ. ಮದುವೆಗೆಂದು ಕಳಿಸುವ ಫೋಟೊವನ್ನು ಬೇರೆಯವರ ಕೈಯಲ್ಲಿ, ನಾಲ್ಕೈದು ಅಡಿ ದೂರದಿಂದ, ಹಗಲು ಬೆಳಕಿನಲ್ಲಿ ತೆಗೆಸಿ.

ಬದುಕೇ ಬೇಡವೆನಿಸುವಷ್ಟು ಚಿಂತೆ ಬೆಳೆದಿದ್ದರೆ ಕಾಯಬೇಡಿ. ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ‘ಚರ್ಮದ ಡಾಕ್ಟರಿಗೆ ತೋರಿಸಬೇಕು’ ಎಂದು ಬರುವ ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಲು ಹೆತ್ತವರು ಹಿಂಜರಿಯಬಾರದು.

ಮನೆಯವರಿಗೆ ಒಂದು ಕೋರಿಕೆ. ‘ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ’, ‘ಅಕ್ಕನಷ್ಟು ಬಿಳುಪಿಲ್ಲ’, ‘ಬಿಸಿಲಲ್ಲಿ ಆಡಬೇಡ, ಕಪ್ಪಾದರೆ ಯಾರು ಮಾಡ್ಕೋತಾರೆ’ – ಇವನ್ನು ಅಜ್ಜಿ, ಅತ್ತೆ, ಚಿಕ್ಕಮ್ಮ ಪ್ರೀತಿಯಿಂದಲೇ ಹೇಳುತ್ತಾರೆ. ಕೇಳಿದ ಮಗು ಹತ್ತು ವರ್ಷವಾದರೂ ಯಾರು, ಯಾವ ಹಬ್ಬದ ದಿನ ಹೇಳಿದರೆಂದು ನೆನಪಿಟ್ಟಿರುತ್ತದೆ. ನೆಂಟರು ಇಂಥ ಮಾತಾಡಿದಾಗ ಮಗುವಿನ ಎದುರಿಗೇ ‘ಅತ್ತೆ, ನಮ್ಮ ಮನೆಯಲ್ಲಿ ಬಣ್ಣದ ಮಾತು ಆಡಲ್ಲ’ ಎಂದು ಅಪ್ಪನೋ ಅಮ್ಮನೋ ಒಂದು ಸಲ ಹೇಳಿಬಿಡಿ. ನೆಂಟರು ಹೋದ ಮೇಲೆ ಮಾಡುವ ಸಮಾಧಾನಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಮಗಳೋ ಮಗನೋ ‘ನಾನು ಕಪ್ಪಾ?’ ಎಂದು ಕೇಳಿದಾಗ ‘ಇಲ್ಲ, ನೀನು ಬೆಳ್ಳಗೇ ಇದ್ದೀಯ’ ಎಂದು ಸುಳ್ಳು ಹೇಳುವುದೂ ಬೇಡ. ಕಪ್ಪಾಗಿರುವುದು ಕೊರತೆಯೆಂದು ಒಪ್ಪಿದಂತಾಗುತ್ತದೆ. ‘ಹೌದು, ನಿನ್ನದು ಅಜ್ಜನ ಬಣ್ಣ. ಯಾಕೆ, ಯಾರು ಏನಂದರು?’ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ.

ಕೊನೆಯದಾಗಿ ನಿಮ್ಮಲ್ಲಿ ಕೇಳಬೇಕಾದದ್ದು. ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲೇ, ಕಪ್ಪು ಬಣ್ಣದವರನ್ನು ಕೀಳಾಗಿ, ಅಸುಖಿಗಳಾಗಿ ತೋರಿಸುವಂತಿಲ್ಲ ಎಂದು ಬಿಳಿಕ್ರೀಮಿನ ಜಾಹೀರಾತುಗಳಿಗೆ ಮಾರ್ಗಸೂಚಿ ಕೊಟ್ಟಿತು. 1975ರಿಂದ ಮಾರುತ್ತಿದ್ದ ಹೆಸರಾಂತ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ಕೈಬಿಟ್ಟಿತು. ಅದೇ ವರ್ಷ ದೊಡ್ಡ ಮ್ಯಾಟ್ರಿಮೊನಿ ಜಾಲತಾಣವೊಂದು, ಬಳಕೆದಾರರು ಆಕ್ಷೇಪಿಸಿದ ಮೇಲೆ, ಬಣ್ಣದಿಂದ ಸೋಸುವ ಸೌಲಭ್ಯವನ್ನೇ ತೆಗೆಯಿತು. ಪತ್ರಿಕೆಗಳ ಭಾನುವಾರದ ವಧು–ವರ ಪುಟದಲ್ಲಿ ಮಾತ್ರ ‘ಬೆಳ್ಳಗಿನ, ಸುಂದರ ವಧು ಬೇಕು’, ‘ಗೋಧಿ ಮೈಬಣ್ಣ’, ‘ಸಾಧಾರಣ ಬಣ್ಣದ ವರನಿಗೆ’ ಎಂಬ ಸಾಲುಗಳು ಇಂದಿಗೂ ಅಚ್ಚಾಗುತ್ತಿವೆ. ಮನೆಯ ಹಿರಿಯರು ಜಾಹೀರಾತಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುವಾಗ ಪಕ್ಕದ ಕೋಣೆಯಲ್ಲಿ ಕೂತ ಹುಡುಗಿ ಪ್ರತಿಯೊಂದನ್ನೂ ಕೇಳಿಸಿಕೊಳ್ಳುತ್ತಾಳೆ. ಸೋಮವಾರ ಅವಳು ಮೆಡಿಕಲ್ ಶಾಪಿಗೆ ಹೋಗುವುದು ಅದೇ ಕಾರಣಕ್ಕೆ.

ಜಾಹೀರಾತು ತುಂಬಿಸುವ ನಮೂನೆಯಲ್ಲಿ ಮೈಬಣ್ಣದ ಅಂಕಣ ಇದ್ದರೆ ದಯವಿಟ್ಟು ತೆಗೆಯಿರಿ. ಫೋನಿನಲ್ಲಿ ಬರೆಸಿಕೊಳ್ಳುವ ಸಿಬ್ಬಂದಿಗೆ, ಬಣ್ಣದ ಪದ ಬಂದರೆ ಬಿಟ್ಟು ಆ ಜಾಗಕ್ಕೆ ಓದು, ಕೆಲಸ, ಊರು ಕೇಳಿ ಬರೆದುಕೊಳ್ಳುವಂತೆ ತಿಳಿಸಿ. ‘ಮುಂಚೆ–ಆಮೇಲೆ’ ಫೋಟೊ ಹಾಕಿ ಏಳು ದಿನದಲ್ಲಿ ಬಿಳುಪು ಎನ್ನುವ ಕ್ಲಿನಿಕ್ಕುಗಳ ಜಾಹೀರಾತನ್ನು ಒಪ್ಪುವ ಮುಂಚೆ, ಯಾವ ಮದ್ದು, ಯಾವ ವೈದ್ಯರು, ನೋಂದಣಿ ಸಂಖ್ಯೆ ಏನು ಎಂದು ಬರಹದಲ್ಲಿ ಕೇಳಿ. ಪುಟದ ತಲೆಯಲ್ಲಿ ಒಂದು ಸಾಲು ಸಾಕು: ‘ಮೈಬಣ್ಣದ ಉಲ್ಲೇಖವಿರುವ ಜಾಹೀರಾತುಗಳನ್ನು ಸ್ವೀಕರಿಸುವುದಿಲ್ಲ.’ ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಮುಂದಿನ ಭಾನುವಾರದ ಸಂಚಿಕೆಯಿಂದಲೇ ಶುರು ಮಾಡಬಹುದು.

ಇಂತಿ ವಿಶ್ವಾಸಿಗಳು,
ಚರ್ಮರೋಗ ವೈದ್ಯೆ ಮತ್ತು ಆಪ್ತಸಮಾಲೋಚಕ,
ಮೈಸೂರು